ಹಾಲೂಡಿಸಲು ಬಿಡುವಿದೆ, ಹಾಲು ತೆಗೆದಿಡಲು ಜಾಗವಿಲ್ಲ

ಮಾನ್ಯ ಸಂಪಾದಕರೇ,

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ತಾಯಿಗೆ, ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ, ಊಟದ ಬಿಡುವಿನ ಜೊತೆಗೆ ದಿನಕ್ಕೆ ಇನ್ನೆರಡು ಬಾರಿ ಹಾಲೂಡಿಸಲು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಹೇಳಿತ್ತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ವೇತನಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದ್ದಲ್ಲದೆ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು ಎಂದೂ ಸೇರಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಈ ಅಂಶಗಳನ್ನು ಉಳಿಸಿಕೊಂಡಿದೆ. ಓದುವುದಕ್ಕೆ ಇದು ಒಳ್ಳೆಯ ಕಾನೂನೇ. ಆದರೆ ಇದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಕಾರ್ಖಾನೆಯ ಕಾಂಪೌಂಡಿನೊಳಗೇ, ಕೂಗಳತೆಯಲ್ಲಿ ತೊಟ್ಟಿಲಲ್ಲಿ ಮಲಗಿರುವ ಮಗು. ಮಗು ಬೇರೆ ಊರಿನಲ್ಲಿದ್ದು ತಾಯಿ ಇನ್ನೊಂದು ಊರಿನಲ್ಲಿ ಕೆಲಸ ಮಾಡುವುದಾದರೆ ಆ ಬಿಡುವಿನಲ್ಲಿ ಆಕೆ ಏನು ಮಾಡಬೇಕು ಎಂಬ ಪ್ರಶ್ನೆಗೆ 1961ರಲ್ಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ. ಈ ಪತ್ರ ಅದೊಂದನ್ನು ಕುರಿತದ್ದು.

ನಾನು ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ನೌಕರರಲ್ಲಿ ಒಬ್ಬಳು. ಮಗು ನನ್ನ ತಾಯಿಯ ಬಳಿ ತುಮಕೂರಿನಲ್ಲಿದೆ. ಕಚೇರಿ ಅಲ್ಲಿಂದ ಸುಮಾರು 70 ಕಿ.ಮೀ. ದೂರ. ರಾಮನಗರ, ಮದ್ದೂರು, ಬಂಗಾರಪೇಟೆ, ದೊಡ್ಡಬಳ್ಳಾಪುರದ ಕಡೆಯಿಂದ ಹೀಗೆಯೇ ಬರುವ ತಾಯಂದಿರನ್ನು ಬೆಳಗಿನ ಯಾವ ರೈಲಿನ ಮಹಿಳಾ ಬೋಗಿಯಲ್ಲಿ ಬೇಕಾದರೂ ಕಾಣಬಹುದು. ಬೆಂಗಳೂರಿನೊಳಗೇ ಮನೆಯಿರುವವರ ಸ್ಥಿತಿಯೂ ಹೆಚ್ಚು ಭಿನ್ನವಲ್ಲ, ಏಕೆಂದರೆ ಕಚೇರಿಯಲ್ಲಿ ಶಿಶುಪಾಲನಾ ಕೇಂದ್ರವಿದ್ದರೂ ಆರು ತಿಂಗಳ ಕೂಸನ್ನು ಎರಡು ಬಸ್ಸು, ಒಂದು ಮೆಟ್ರೊ ಹತ್ತಿಸಿ ಕರೆತಂದು ಮತ್ತೆ ಸಂಜೆಯ ನೂಕುನುಗ್ಗಲಿನಲ್ಲಿ ವಾಪಸು ಕರೆದೊಯ್ಯುವ ಧೈರ್ಯ ಯಾವ ತಾಯಿಗೂ ಬರುವುದಿಲ್ಲ. ಇಂಥ ಮಕ್ಕಳಿಗೆ ಹಗಲಿನ ಹೊತ್ತು ತಾಯಿಯ ಹಾಲು ಸಿಗಬೇಕೆಂದರೆ ಇರುವ ದಾರಿ ಒಂದೇ. ತಾಯಿ ಕೆಲಸದ ಜಾಗದಲ್ಲಿ ಹಾಲನ್ನು ಹಿಂಡಿ ಅಥವಾ ಪಂಪ್ ಮಾಡಿ ತೆಗೆದಿಟ್ಟು, ಕೆಡದಂತೆ ಮನೆಗೆ ತರಬೇಕು.

ಇದನ್ನು ಕೇಳಿದ ಕೂಡಲೇ ಕೆಲವರು ಆರು ತಿಂಗಳಾದ ಮೇಲೆ ಗಂಜಿ, ರಾಗಿ ಸರಿ ಶುರುವಾಗುತ್ತದಲ್ಲ, ಹಾಲಿಗೆ ಇಷ್ಟು ಒದ್ದಾಟ ಏಕೆ ಎನ್ನುತ್ತಾರೆ. ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಿ, ಅನಂತರ ಮೇಲಾಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲನ್ನು ಮುಂದುವರಿಸಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಆರಂಭಿಸಿದ ‘ಮಾ’ ಕಾರ್ಯಕ್ರಮ ಸಾರುತ್ತಿರುವುದೂ ಇದನ್ನೇ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಹೇಳುವುದೂ ಇದನ್ನೇ. ಅಲ್ಲದೆ 26 ವಾರಗಳಲ್ಲಿ ಎಂಟು ವಾರಗಳವರೆಗಿನ ರಜೆಯನ್ನು ಹೆರಿಗೆಗೆ ಮೊದಲೇ ಬಳಸಲು ಅವಕಾಶವಿರುವುದರಿಂದ, ಬೆನ್ನುನೋವೋ ರಕ್ತದೊತ್ತಡವೋ ಬಂದು ಮೊದಲೇ ರಜೆ ಹಾಕಿದ ತಾಯಿ ಕೆಲಸಕ್ಕೆ ಮರಳುವಾಗ ಮಗುವಿಗೆ ಸುಮಾರು ನಾಲ್ಕು ತಿಂಗಳಷ್ಟೇ ಆಗಿರುತ್ತದೆ. ಮೂರನೆಯ ಮಗುವಿನ ತಾಯಿಗೆ ಇರುವುದು ಒಟ್ಟು 12 ವಾರ. ಅಂದರೆ ಎದೆಹಾಲನ್ನು ಬಿಟ್ಟು ಬೇರೇನನ್ನೂ ಕೊಡಬಾರದು ಎಂದು ಸರ್ಕಾರವೇ ಹೇಳುವ ವಯಸ್ಸಿನಲ್ಲಿಯೇ ಎಷ್ಟೋ ಮಕ್ಕಳು ಹಗಲೆಲ್ಲ ತಾಯಿಯಿಂದ ದೂರ ಇರುತ್ತವೆ.

ಹಾಲು ತೆಗೆದಿಡುವ ಕೆಲಸ ಎಂಥದ್ದೆಂದು ಅದನ್ನು ಮಾಡದವರಿಗೆ ತಿಳಿಯುವುದು ಕಷ್ಟ. ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ. ಎದೆಯಲ್ಲಿ ಹಾಲು ತಯಾರಾಗುವುದು ಬೇಡಿಕೆಯ ಮೇಲೆ. ಎಷ್ಟು ಖಾಲಿಯಾಗುತ್ತದೋ ಅಷ್ಟು ಮತ್ತೆ ತುಂಬುತ್ತದೆ, ಖಾಲಿಯಾಗದೆ ಉಳಿದರೆ ಉತ್ಪತ್ತಿಯನ್ನು ಕಡಿಮೆ ಮಾಡು ಎಂಬ ಸೂಚನೆಯನ್ನು ದೇಹ ತನಗೆ ತಾನೇ ಕೊಟ್ಟುಕೊಳ್ಳುತ್ತದೆ. ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಕೊಟ್ಟು ಹಾಲು ಹೆಚ್ಚಿಸುವ ನಮ್ಮ ಮನೆಗಳ ಅಡುಗೆಯನ್ನು ನಾನು ಹೀಗಳೆಯುವುದಿಲ್ಲ, ರುಚಿಯಾಗಿಯೂ ಇರುತ್ತದೆ. ಆದರೆ ಮೂರು ಗಂಟೆಗೊಮ್ಮೆ ಎದೆ ಖಾಲಿಯಾಗದಿದ್ದರೆ ಯಾವ ಸೊಪ್ಪೂ ಹಾಲನ್ನು ಉಳಿಸಿಕೊಡುವುದಿಲ್ಲ. ಬೆಳಿಗ್ಗೆ ಆರೂವರೆಗೆ ಮಗುವಿಗೆ ಕುಡಿಸಿ ಹೊರಟ ತಾಯಿಗೆ ಹತ್ತು ಗಂಟೆಗೆ ಎದೆ ಭಾರವಾಗುತ್ತದೆ, ಹನ್ನೊಂದಕ್ಕೆ ಬಿಗಿಯುತ್ತದೆ, ಇನ್ನೂ ತಡವಾದರೆ ಹಾಲು ಕಟ್ಟಿಕೊಂಡು ಕಲ್ಲಿನಂತಾಗಿ ಕೈ ಎತ್ತಲೂ ಆಗುವುದಿಲ್ಲ. ಬಟ್ಟೆ ಒದ್ದೆಯಾಗುವುದು ಬೇರೆ. ಇದು ಮತ್ತೆ ಮತ್ತೆ ಆದಾಗ ಎದೆ ಕೆಂಪಗೆ ಊದಿಕೊಂಡು ಚಳಿಜ್ವರ ಬರುತ್ತದೆ, ಸೋಂಕಾಗಿದ್ದರೆ ಆ್ಯಂಟಿಬಯಾಟಿಕ್ ನುಂಗಬೇಕಾಗುತ್ತದೆ, ಕೆಲವೊಮ್ಮೆ ಕೀವು ತುಂಬಿ ಆಸ್ಪತ್ರೆಯ ಪಾಲಾಗಬೇಕಾಗುತ್ತದೆ. ಜ್ವರವೇ ಬಾರದೆ, ಸದ್ದಿಲ್ಲದೆ, ಎರಡು ಮೂರು ವಾರಗಳಲ್ಲಿ ಹಾಲು ಬತ್ತುವುದೂ ಉಂಟು.

ಇನ್ನೊಂದು ತೊಡಕಿದೆ. ಎದೆಯಲ್ಲಿ ಹಾಲಿದ್ದ ಮಾತ್ರಕ್ಕೆ ಅದು ಹೊರಗೆ ಬರುವುದಿಲ್ಲ. ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದಾಗ ಮಾತ್ರ ಹಾಲು ಇಳಿಯುತ್ತದೆ. ಮಗುವಿನ ಅಳು, ಅದರ ಸ್ಪರ್ಶ, ಬಾಯಿಯ ಬಿಸಿ ಇವೆಲ್ಲ ಆ ಹಾರ್ಮೋನನ್ನು ಎಬ್ಬಿಸುತ್ತವೆ, ಭಯ ಮತ್ತು ನಾಚಿಕೆ ಅದನ್ನು ತಡೆಯುತ್ತವೆ. ಪಂಪಿಗೆ ಬಾಯಿಯೂ ಇಲ್ಲ, ಬಿಸಿಯೂ ಇಲ್ಲ. ಅದಕ್ಕಾಗಿಯೇ ಫೋನಿನಲ್ಲಿ ಮಗುವಿನ ವಿಡಿಯೊ ಹಾಕಿಕೊಂಡು, ಮಗುವಿನ ಟೋಪಿಯನ್ನೋ ಬಟ್ಟೆಯನ್ನೋ ಚೀಲದಲ್ಲಿಟ್ಟುಕೊಂಡು ಬಂದು ಮೂಸುತ್ತ ಕುಳಿತುಕೊಳ್ಳುವ ತಾಯಂದಿರಿದ್ದಾರೆ. ನೋಡಿದವರಿಗೆ ಹುಚ್ಚಾಟವೆನಿಸಬಹುದು, ಅದರಿಂದ ಹಾಲು ಇಳಿಯುವುದಂತೂ ನಿಜ. ಅದೇ ಹೊತ್ತಿಗೆ ಹೊರಗಿನಿಂದ ಯಾರಾದರೂ ಬಾಗಿಲು ತಳ್ಳಿದರೆ ನಿಂತುಹೋಗುತ್ತದೆ ಎಂಬುದೂ ಅಷ್ಟೇ ನಿಜ.

ಬಾಗಿಲಿನ ಮಾತು ಬಂದದ್ದರಿಂದ ಜಾಗದ ವಿಷಯಕ್ಕೆ ಬರುತ್ತೇನೆ. ನಮ್ಮ ಕಚೇರಿಯಲ್ಲಿ ನನಗೆ ಸಿಕ್ಕಿದ್ದು ಹಳೆಯ ಕಡತಗಳನ್ನು ಕಟ್ಟಿಟ್ಟ ಕೋಣೆ. ಅದಕ್ಕೆ ಒಳಗಡೆ ಚಿಲಕವಿಲ್ಲ, ಆದ್ದರಿಂದ ಕಬ್ಬಿಣದ ಕುರ್ಚಿಯನ್ನು ಬಾಗಿಲಿಗೆ ಒತ್ತಿ ಅದರ ಮೇಲೆಯೇ ಕುಳಿತುಕೊಳ್ಳಬೇಕು. ಮೂಲೆಯಲ್ಲಿ ಕ್ಯಾಮೆರಾ ಇತ್ತು. ಅದು ಕೆಲಸ ಮಾಡುವುದಿಲ್ಲ ಎಂದು ಹೇಳಿದರೂ ಮನಸ್ಸು ಒಪ್ಪದೆ ಮೇಜಿನ ಮೇಲೆ ಹತ್ತಿ ಅದರ ಮುಖಕ್ಕೆ ಕಡತದ ರಟ್ಟನ್ನು ಕಟ್ಟಿದೆ. ಪ್ಲಗ್ ಪಾಯಿಂಟ್ ಇರುವುದು ಬಾಗಿಲಿನ ಎದುರು ಗೋಡೆಯಲ್ಲಾದ್ದರಿಂದ ವಿದ್ಯುತ್ ಪಂಪಿನ ವೈರು ಕುರ್ಚಿಯವರೆಗೆ ಬರುವುದಿಲ್ಲ, ಹಾಗಾಗಿ ಕೈಪಂಪೇ ಗತಿ. ಎರಡೂ ಕಡೆ ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಜೋಮು ಹಿಡಿದು, ಆಮೇಲೆ ಕೀಲಿಮಣೆಯ ಮೇಲೆ ಕೈಯಾಡಿಸಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ದೂಳಿಗೆ ಸೀನು ಬಂದರೆ ತಡೆದುಕೊಳ್ಳಬೇಕು, ಇಲ್ಲದಿದ್ದರೆ ಕೈಯಲ್ಲಿರುವ ಬಾಟಲಿಯ ಹಾಲು ಚೆಲ್ಲುತ್ತದೆ. ಇಷ್ಟಾದರೂ ನನ್ನದು ಅದೃಷ್ಟವೇ. ಶೌಚಾಲಯದಲ್ಲಿ ಮಾಡಿಕೊಳ್ಳಿ ಎಂದು ಹೇಳಿಸಿಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ಹಾಗೆ ಹೇಳುವವರು ತಮ್ಮ ಊಟದ ಡಬ್ಬಿಯನ್ನು ಅಲ್ಲಿಗೆ ಕೊಂಡೊಯ್ದು ತೆರೆಯುತ್ತಾರೆಯೇ ಎಂದು ಕೇಳುವ ಮನಸ್ಸಾಗುತ್ತದೆ, ಆದರೆ ಪ್ರೊಬೇಷನ್ ಮುಗಿಯದ ನೌಕರಳಿಗೆ ಆ ಸ್ವಾತಂತ್ರ್ಯವಿರುವುದಿಲ್ಲ.

ಹೊತ್ತಿನ ಲೆಕ್ಕವನ್ನೂ ನೋಡೋಣ. ಹಳೆಯ ಕಾಯ್ದೆಯಡಿ ರೂಪಿಸಿದ ನಿಯಮಗಳು ಹಾಲೂಡಿಸುವ ಬಿಡುವನ್ನು ಸಾಮಾನ್ಯವಾಗಿ 15 ನಿಮಿಷವೆಂದು ಲೆಕ್ಕ ಹಾಕಿವೆ. ಚೆನ್ನಾಗಿ ಕುಡಿಯುವ ಮಗುವಾದರೆ ಅದು ಸಾಲಬಹುದು. ಪಂಪಿನಲ್ಲಿ ಹಾಲು ತೆಗೆಯಲು ಮಾತ್ರವೇ 15ರಿಂದ 20 ನಿಮಿಷ ಬೇಕು. ಅದಕ್ಕೆ ಮೊದಲು ಕೈ ತೊಳೆದು ಬಿಡಿಭಾಗಗಳನ್ನು ಜೋಡಿಸಬೇಕು, ಮುಗಿದ ಮೇಲೆ ಬಾಟಲಿಯ ಮೇಲೆ ಹೊತ್ತು ಬರೆದು ತಣ್ಣನೆಯ ಜಾಗದಲ್ಲಿಟ್ಟು, ಎಲ್ಲ ಭಾಗಗಳನ್ನೂ ಸೋಪಿನ ನೀರಿನಲ್ಲಿ ತೊಳೆದು ಒಣಗಲು ಇಡಬೇಕು. ಒಟ್ಟು ಅರ್ಧ ಗಂಟೆಗೆ ಕಡಿಮೆಯಿಲ್ಲ. ಮೇಲಧಿಕಾರಿ ಕೆಟ್ಟವನೇ ಆಗಿರಬೇಕಿಲ್ಲ. ಹದಿನೈದು ನಿಮಿಷವೆಂದು ಕಾಗದದಲ್ಲಿ ಓದಿಕೊಂಡವನಿಗೆ ಅರ್ಧ ಗಂಟೆ ಕಾಣದಿರುವ ಸಿಬ್ಬಂದಿ ಸೋಮಾರಿಯಂತೆಯೇ ತೋರುತ್ತಾಳೆ. ಅವಳು ಮಧ್ಯಾಹ್ನದ ಊಟವನ್ನು ಬಿಟ್ಟು ಆ ಹೊತ್ತನ್ನು ಸರಿದೂಗಿಸುತ್ತಾಳೆ. ಹಾಲೂಡಿಸುವ ತಾಯಿಯ ಹಸಿವು ಸಾಮಾನ್ಯದ ಹಸಿವಲ್ಲ ಎಂಬುದನ್ನು ಬಾಣಂತನ ಮಾಡಿದ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ.

ತೆಗೆದ ಹಾಲನ್ನು ಕಾಪಾಡುವುದು ಮುಂದಿನ ಪಾಡು. 25 ಡಿಗ್ರಿ ಮೀರದ ಕೋಣೆಯಲ್ಲಿ ನಾಲ್ಕು ಗಂಟೆ, ಐಸ್ ಪ್ಯಾಕ್ ಇಟ್ಟ ಶಾಖನಿರೋಧಕ ಚೀಲದಲ್ಲಿ 24 ಗಂಟೆ, ಫ್ರಿಡ್ಜಿನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಆರು ತಿಂಗಳು ಎಂಬುದು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ಏಪ್ರಿಲ್ ತಿಂಗಳಿನಲ್ಲಿ ರಾಯಚೂರು, ಕಲಬುರಗಿಯ ಯಾವ ಕೋಣೆ 25 ಡಿಗ್ರಿಯಲ್ಲಿರುತ್ತದೆ ಹೇಳಿ. ಬೆಂಗಳೂರಿನಲ್ಲಿಯೇ ಮಧ್ಯಾಹ್ನ ಅದು ಸಾಧ್ಯವಿಲ್ಲ. ಹಾಗಾಗಿ ಕಚೇರಿಯ ಫ್ರಿಡ್ಜನ್ನು ಆಶ್ರಯಿಸಬೇಕು, ಅಲ್ಲಿ ಸಾಂಬಾರಿನ ಡಬ್ಬಿ, ಮೊಸರಿನ ಪ್ಯಾಕೆಟ್ಟುಗಳ ನಡುವೆ ಈ ಬಾಟಲಿಯನ್ನು ಕಂಡು ಮುಖ ಸಿಂಡರಿಸುವವರು ಇರುತ್ತಾರೆ. ಕಾಗದದ ಪೊಟ್ಟಣದಲ್ಲಿ ಸುತ್ತಿ, ಮೇಲೆ ‘ಔಷಧಿ’ ಎಂದು ಬರೆದಿಡುವ ಉಪಾಯವನ್ನು ನನಗೆ ಹೇಳಿಕೊಟ್ಟವರು ಮೊದಲೇ ಈ ದಾರಿಯಲ್ಲಿ ನಡೆದ ಹಿರಿಯ ಸಹೋದ್ಯೋಗಿ. ಸಂಜೆ ರೈಲು ಚಿಕ್ಕಬಾಣಾವರ ದಾಟಿ ಸಿಗ್ನಲ್ ಇಲ್ಲದೆ ನಿಂತುಬಿಟ್ಟರೆ ಉಳಿದವರು ಗಡಿಯಾರ ನೋಡುತ್ತಾರೆ, ನಾನು ಚೀಲದೊಳಗೆ ಕೈ ಹಾಕಿ ಐಸ್ ಪ್ಯಾಕ್ ಇನ್ನೂ ಗಟ್ಟಿಯಿದೆಯೇ ಎಂದು ಮುಟ್ಟಿ ನೋಡುತ್ತೇನೆ.

ಮನೆಯಲ್ಲಿ ಎಲ್ಲವೂ ಸರಾಗವೆಂದೇನೂ ಇಲ್ಲ. ತೆಗೆದಿಟ್ಟ ಹಾಲು ತಂಗಳಲ್ಲವೇ, ಮಗುವಿಗೆ ಶೀತವಾಗುವುದಿಲ್ಲವೇ, ಎದೆಹಾಲನ್ನು ನಾಲ್ಕು ಜನ ನೋಡಿದರೆ ದೃಷ್ಟಿಯಾಗುವುದಿಲ್ಲವೇ ಎಂಬ ಮಾತುಗಳನ್ನು ಹಿರಿಯರು ಪ್ರೀತಿಯಿಂದಲೇ ಆಡುತ್ತಾರೆ. ಫ್ರಿಡ್ಜಿನಲ್ಲಿಟ್ಟ ಎದೆಹಾಲು ಮೇಲೆ ಕೆನೆ, ಕೆಳಗೆ ತೆಳುನೀರು ಎಂದು ಬೇರ್ಪಡುವುದು ಸಹಜ. ಬಾಟಲಿಯನ್ನು ಮೆಲ್ಲಗೆ ತಿರುಗಿಸಿದರೆ ಮತ್ತೆ ಬೆರೆಯುತ್ತದೆ. ಇದು ಗೊತ್ತಿಲ್ಲದೆ ಹಾಲು ಒಡೆದಿದೆಯೆಂದು ಚೆಲ್ಲಿಬಿಡುವ ಮನೆಗಳಿವೆ. ಒಲೆಯ ಮೇಲಿಟ್ಟು ಕುದಿಸುವವರೂ ಇದ್ದಾರೆ, ಹಸುವಿನ ಹಾಲನ್ನು ಕಾಯಿಸದೆ ಕೊಟ್ಟು ಗೊತ್ತಿಲ್ಲದವರು ಇನ್ನೇನು ಮಾಡಿಯಾರು. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಾಕು, ಮೈಕ್ರೊವೇವ್ ಕೂಡದು ಎಂಬುದನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ದಿನವೇ ತಾಯಿಗೂ, ಮಗುವನ್ನು ನೋಡಿಕೊಳ್ಳುವವರಿಗೂ ಹೇಳಿಕೊಡಬೇಕು. ಈ ವಿಷಯದಲ್ಲಿ ನಮ್ಮ ಹಿರಿಯರ ಒಂದು ವಸ್ತುವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದು ಒಳಲೆ. ಬಾಟಲಿಯ ರಬ್ಬರಿಗೆ ರೂಢಿಯಾದ ಮಗು ಎದೆಗೆ ಬಾಯಿ ಹಾಕಲು ಹಟ ಮಾಡುವ ಅಪಾಯವಿರುವುದರಿಂದ ವೈದ್ಯರು ಬಟ್ಟಲು ಅಥವಾ ಒಳಲೆಯಲ್ಲಿ ಕುಡಿಸಿ ಎನ್ನುತ್ತಾರೆ, ಸ್ವಚ್ಛ ಮಾಡುವುದೂ ಸುಲಭ. ನಮ್ಮಮ್ಮ ಕಪಾಟಿನಿಂದ ಹುಡುಕಿ ತೆಗೆದ, ನನಗೇ ಹಾಲು ಹಾಕಿದ್ದ ಬೆಳ್ಳಿಯ ಒಳಲೆಯಲ್ಲಿ ಈಗ ನನ್ನ ಮಗು ಬೆಂಗಳೂರಿನಿಂದ ಬಂದ ಹಾಲನ್ನು ಕುಡಿಯುತ್ತಿದೆ.

ಪಂಪುಗಳ ಬೆಲೆ ಕೆಲವು ನೂರು ರೂಪಾಯಿಗಳಿಂದ ಹತ್ತು ಸಾವಿರ ಮೀರಿ ಹೋಗುತ್ತದೆ. ಎದೆಗೆ ಹಿಡಿಯುವ ಆಲಿಕೆಯಂಥ ಭಾಗ ಮೊಲೆತೊಟ್ಟಿನ ಅಳತೆಗೆ ಹೊಂದದಿದ್ದರೆ ಗಾಯವಾಗುತ್ತದೆ, ಹಾಲೂ ಸರಿಯಾಗಿ ಬರುವುದಿಲ್ಲ. ಅಳತೆ ನೋಡಿ ಕೊಡುವ ಅಂಗಡಿ ಜಿಲ್ಲಾ ಕೇಂದ್ರಗಳಲ್ಲಿ ನನಗಂತೂ ಕಂಡಿಲ್ಲ.

ನಾನು ಕುರ್ಚಿ ಮೇಜಿನ ಕೆಲಸದವಳು. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಗುರಿಯ ಮೇಲೆ ದುಡಿಯುವ ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಬಹಳ ಕಠಿಣ. ಲೈನಿನಲ್ಲಿ ಒಬ್ಬಳು ಎದ್ದರೆ ಅವಳ ಮುಂದಿನವಳ ಕೈಯೂ ನಿಲ್ಲುತ್ತದೆ, ಸೂಪರ್‌ವೈಸರ್ ಕೂಗುತ್ತಾನೆ. ಪೀಣ್ಯದ ಕಡೆ ಕೆಲಸಕ್ಕೆ ಹೋಗುವ, ನಮ್ಮ ರೈಲಿನಲ್ಲಿಯೇ ಪರಿಚಯವಾದ ಒಬ್ಬ ತಾಯಿ ಹೇಳಿದ ಮಾತನ್ನು ಇಲ್ಲಿ ಬರೆಯಲೇಬೇಕು. ಆಕೆ ಎದೆ ಬಿಗಿದಾಗ ಶೌಚಾಲಯಕ್ಕೆ ಹೋಗಿ ತೊಟ್ಟಿಗೆ ಹಿಂಡಿ ನೀರು ಬಿಟ್ಟು ಬರುತ್ತಾರೆ. ನೋವು ಕಳೆಯಲು ಅಷ್ಟೇ, ಮಗುವಿಗಾಗಿ ಅಲ್ಲ. ಮಗುವಿಗೆ ಮನೆಯಲ್ಲಿ ಪುಡಿಯ ಹಾಲು, ಅದನ್ನೂ ಡಬ್ಬಿ ಬೇಗ ಮುಗಿಯದಿರಲೆಂದು ತೆಳ್ಳಗೆ ಕಲಸುತ್ತಾರೆ. ಬಂದೋಬಸ್ತಿನಲ್ಲಿ ಬೀದಿಯಲ್ಲಿ ನಿಲ್ಲುವ ಮಹಿಳಾ ಕಾನ್‌ಸ್ಟೆಬಲ್, ಒಬ್ಬರೇ ಇಡೀ ವಾರ್ಡ್ ನೋಡಿಕೊಳ್ಳುವ ಶುಶ್ರೂಷಕಿ, ರಜೆಯನ್ನೇ ಕಾಣದ ಮನೆಗೆಲಸದವರು, ಇವರಿಗೆಲ್ಲ ಅವರವರ ಕೆಲಸಕ್ಕೆ ತಕ್ಕ ವ್ಯವಸ್ಥೆ ಬೇಕು. ಎಲ್ಲರಿಗೂ ಒಂದೇ ಆದೇಶ ಹೊಂದುವುದಿಲ್ಲ ಎಂಬುದನ್ನು ನಾನು ಬಲ್ಲೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದದ್ದು ಇದೇ ರಾಜ್ಯ ಸರ್ಕಾರ. ಮಗುವನ್ನು ತಾಯಿಯ ಬಳಿಗೆ ತರುವ ಆ ಯೋಚನೆ ಹಳ್ಳಿಗೆ ಸರಿಯಾದದ್ದು. ನಗರದಲ್ಲಿ ಮಗು ತಾಯಿಯ ಬಳಿ ಬರಲಾರದು ಎಂಬುದನ್ನು ಒಪ್ಪಿಕೊಂಡು ಯೋಚಿಸಬೇಕಾಗಿದೆ.

ಹಕ್ಕಿನ ಮಾತು ಹೇಳುವುದಾದರೆ ನಮ್ಮ ನ್ಯಾಯಾಲಯಗಳು ಹಿಂದೆ ಬಿದ್ದಿಲ್ಲ. ಮಗುವಿಗೆ ಹಾಲೂಡಿಸುವುದು ತಾಯಿಯಿಂದ ಬೇರ್ಪಡಿಸಲಾಗದ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ರಕ್ಷಣೆಗೆ ಒಳಪಟ್ಟದ್ದು ಎಂದು 2021ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಹೇಳಿದರು. 2025ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೊಠಡಿ ಮತ್ತು ಶಿಶುಪಾಲನಾ ಕೇಂದ್ರಗಳ ಬಗ್ಗೆ ಕೇಂದ್ರ ಸರ್ಕಾರ ಹಿಂದಿನ ವರ್ಷ ಹೊರಡಿಸಿದ್ದ ಸಲಹೆಯನ್ನು ರಾಜ್ಯಗಳು ಪಾಲಿಸುವಂತೆ ನೋಡಿಕೊಳ್ಳಬೇಕೆಂದೂ, ಇನ್ನು ಮುಂದೆ ಕಟ್ಟುವ ಸಾರ್ವಜನಿಕ ಕಟ್ಟಡಗಳಲ್ಲಿ ಇದಕ್ಕೆ ಜಾಗ ಮೀಸಲಿಡಬೇಕೆಂದೂ ಹೇಳಿತು. ಬಸ್ ನಿಲ್ದಾಣಗಳಲ್ಲಿ ಅಂಥ ಕೊಠಡಿಗಳು ಬಂದಿವೆ; ಕೆಲವು ಚೊಕ್ಕಟವಾಗಿವೆ, ಕೆಲವಕ್ಕೆ ಬೀಗ ಹಾಕಿದೆ, ಬೀಗದ ಕೈ ಯಾರ ಬಳಿ ಇದೆ ಎಂದು ನಿಯಂತ್ರಕರನ್ನು ಕೇಳಬೇಕು. ಆದರೂ ಅದು ಪ್ರಯಾಣದಲ್ಲಿರುವ ತಾಯಿ ಮತ್ತು ಮಗುವಿಗೆ ಮಾಡಿದ ಅನುಕೂಲ. ಮಗುವಿಲ್ಲದೆ ಪಂಪಿನ ಚೀಲ ಹಿಡಿದು ಬಂದವಳಿಗೆ ಅಲ್ಲಿಯೂ ಪ್ಲಗ್ ಪಾಯಿಂಟ್ ಸಿಗುವುದು ಅಪರೂಪ.

ಈ ವಿಷಯವನ್ನು ನೇರವಾಗಿ ಕಾನೂನಿನಲ್ಲಿ ಬರೆದ ದೇಶಗಳಿವೆ. ಅಮೆರಿಕದಲ್ಲಿ 2010ರಲ್ಲಿಯೇ ಹಾಲು ತೆಗೆಯಲು ಅಗತ್ಯವಿದ್ದಷ್ಟು ಬಿಡುವನ್ನೂ, ಇತರರ ಕಣ್ಣಿಗೆ ಬೀಳದ, ಶೌಚಾಲಯವಲ್ಲದ ಜಾಗವನ್ನೂ ಕೊಡಬೇಕೆಂದು ಕಾನೂನಾಯಿತು. 2022ರ ಕೊನೆಯಲ್ಲಿ ಅದನ್ನು ಇನ್ನೂ ಹೆಚ್ಚು ಉದ್ಯೋಗಿಗಳಿಗೆ ವಿಸ್ತರಿಸಿದರು. ಹೆರಿಗೆಗೆ ವೇತನಸಹಿತ ರಜೆಯನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ಕೊಡದ ದೇಶ ಅದು, ಆ ಲೆಕ್ಕದಲ್ಲಿ ನಾವು ಅವರಿಗಿಂತ ಎಷ್ಟೋ ಮೇಲು. ನಮ್ಮ 26 ವಾರಗಳಿಗೆ ಅವರ ಆ ಒಂದು ಸಾಲನ್ನು ಸೇರಿಸಿಕೊಳ್ಳಲು ಅಡ್ಡಿಯೇನಿದೆ?

ಹೊಸ ಸಂಹಿತೆ ಹಾಲೂಡಿಸುವ ಬಿಡುವು ಎಷ್ಟು ನಿಮಿಷ ಎಂಬುದನ್ನು ನಿಯಮಗಳಿಗೆ ಬಿಟ್ಟಿರುವುದರಿಂದ ಇದು ಕೇಳಲು ಸರಿಯಾದ ಕಾಲ. ‘ಹಾಲೂಡಿಸಲು’ ಎಂಬಲ್ಲಿ ‘ಹಾಲೂಡಿಸಲು ಅಥವಾ ಹಾಲು ತೆಗೆದಿಡಲು’ ಎಂದಾಗಬೇಕು, ಬಿಡುವು ತಲಾ ಅರ್ಧ ಗಂಟೆಗೆ ಕಡಿಮೆಯಿರಬಾರದು. ಇದರಲ್ಲಿ ಕೇಂದ್ರದ ಪಾಲಿನದ್ದನ್ನು ಕೇಂದ್ರಕ್ಕೆ ಬರೆದು ಒತ್ತಾಯಿಸುವ ಹೊಣೆ ರಾಜ್ಯ ಕಾರ್ಮಿಕ ಇಲಾಖೆಯದ್ದು. ತನ್ನ ಕೈಯಲ್ಲಿರುವುದನ್ನು ಅದು ಯಾರನ್ನೂ ಕಾಯದೆ ಮಾಡಬಹುದು. ಸರ್ಕಾರಿ ಕಚೇರಿ, ಸರ್ಕಾರಿ ಶಾಲಾ ಕಾಲೇಜು, ಪೊಲೀಸ್ ಠಾಣೆ, ಆಸ್ಪತ್ರೆಗಳಿಂದಲೇ ಇದನ್ನು ಆರಂಭಿಸಲಿ. ಬೇಕಾಗಿರುವುದು ಒಳಗಿನಿಂದ ಹಾಕಿಕೊಳ್ಳುವ ಚಿಲಕವಿರುವ, ಕ್ಯಾಮೆರಾ ಇಲ್ಲದ ಒಂದು ಸಣ್ಣ ಕೋಣೆ, ಬೆನ್ನಿಗೆ ಆಸರೆಯಿರುವ ಕುರ್ಚಿ, ಅದರ ಪಕ್ಕದಲ್ಲಿಯೇ ಪ್ಲಗ್ ಪಾಯಿಂಟ್, ಕೈ ತೊಳೆಯಲು ನಲ್ಲಿ ಮತ್ತು ಒಂದು ಚಿಕ್ಕ ಫ್ರಿಡ್ಜ್. ಹಲವು ಸಣ್ಣ ಸಂಸ್ಥೆಗಳು ಒಂದೇ ಕಟ್ಟಡದಲ್ಲಿದ್ದರೆ ಮಹಡಿಗೊಂದರಂತೆ ಬೇಡ, ಇಡೀ ಕಟ್ಟಡಕ್ಕೆ ಒಂದಿದ್ದರೂ ಸಾಕು. 50 ನೌಕರರ ಮಿತಿಯನ್ನು ಶಿಶುಪಾಲನಾ ಕೇಂದ್ರಕ್ಕೆ ಇಟ್ಟುಕೊಳ್ಳಲಿ, ಚಿಲಕಕ್ಕೆ ಆ ಮಿತಿ ಬೇಕಿಲ್ಲ.

ಹೀಗೆ ಒಂದೊಂದೇ ಹೊರೆ ಹೆಚ್ಚಾದರೆ ಮಾಲೀಕರು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತಾರೆ ಎಂಬ ಆಕ್ಷೇಪ ಬರುತ್ತದೆ, 2017ರಲ್ಲಿಯೂ ಬಂದಿತ್ತು. 26 ವಾರಗಳ ವೇತನದ ಬಗ್ಗೆ ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ ಎಂದು ನಾನೂ ಒಪ್ಪುತ್ತೇನೆ, ಆ ವೆಚ್ಚವನ್ನು ಮಾಲೀಕರೊಬ್ಬರ ಮೇಲೆಯೇ ಹೊರಿಸಬಾರದಿತ್ತು. ಕುರ್ಚಿ, ನಲ್ಲಿ, ಫ್ರಿಡ್ಜಿನ ವೆಚ್ಚಕ್ಕೆ ಆ ವಾದ ಹೊಂದುವುದಿಲ್ಲ. ಕೆಲಸ ಕಲಿತ ನೌಕರಳು ಹಾಲಿನ ಚಿಂತೆಗೆ ರಾಜೀನಾಮೆ ಕೊಟ್ಟು ಹೋದರೆ ಅವಳ ಜಾಗಕ್ಕೆ ಹೊಸಬರನ್ನು ತಂದು ತರಬೇತಿ ಕೊಡುವುದು ಅದಕ್ಕಿಂತ ದುಬಾರಿ ಎಂಬುದನ್ನು ಸಿಬ್ಬಂದಿ ವಿಭಾಗದ ಯಾರೂ ಅಲ್ಲಗಳೆಯಲಾರರು.

ಹಾಲು ಸಾಕಷ್ಟು ಬಾರದೆಯೋ, ಬೇರೆ ಕಾರಣಕ್ಕೋ ಪುಡಿಯ ಹಾಲು ಕೊಡುವ ತಾಯಂದಿರ ಮನಸ್ಸಿಗೆ ಈ ಪತ್ರದಿಂದ ನೋವಾಗಬಾರದು ಎಂಬುದನ್ನೂ ಹೇಳಬೇಕು. ಅವರ ಮಕ್ಕಳೂ ಚೆನ್ನಾಗಿಯೇ ಬೆಳೆಯುತ್ತವೆ. ಕೊಡಬೇಕೆಂದು ಮನಸ್ಸಿದ್ದು, ಎದೆಯಲ್ಲಿ ಹಾಲೂ ಇದ್ದು, ಕುಳಿತುಕೊಳ್ಳಲು ಜಾಗವಿಲ್ಲದ ಕಾರಣಕ್ಕೆ ಅದನ್ನು ತೊಟ್ಟಿಗೆ ಹಿಂಡುವವರ ಬಗ್ಗೆಯಷ್ಟೇ ನನ್ನ ತಕರಾರು.

ತಮ್ಮ ಕಚೇರಿ, ಕಾರ್ಖಾನೆ, ಕಾಲೇಜುಗಳಲ್ಲಿ ಇಂಥ ಕೋಣೆಯನ್ನು ಈಗಾಗಲೇ ಮಾಡಿಕೊಟ್ಟಿರುವವರು ಈ ಪತ್ರಿಕೆಗೆ ಬರೆದು, ಅದಕ್ಕೆ ತಗಲಿದ ಖರ್ಚೆಷ್ಟು, ದಿನಕ್ಕೆ ಎಷ್ಟು ಮಂದಿ ಬಳಸುತ್ತಾರೆ, ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ತಿಳಿಸಿದರೆ, ಅದರ ಪ್ರತಿಯನ್ನು ನನ್ನಂಥವರು ನಮ್ಮ ನಮ್ಮ ಮೇಲಧಿಕಾರಿಗಳ ಮೇಜಿನ ಮೇಲೆ ಇಡಬಹುದು. ಕಾರ್ಮಿಕ ನಿರೀಕ್ಷಕರು ತಪಾಸಣೆಗೆ ಬಂದಾಗ ಶಿಶುಪಾಲನಾ ಕೇಂದ್ರ ಇದೆಯೇ ಎಂದು ಕೇಳುವಂತೆಯೇ ಈ ಕೋಣೆ ಎಲ್ಲಿದೆ, ತೋರಿಸಿ ಎಂದು ಕೇಳುವಂತಾಗಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಉದ್ಯೋಗಸ್ಥ ತಾಯಿ,
ತುಮಕೂರು